ಪ್ರಶ್ನೆ ನಿಮ್ಮದಲ್ಲ

ಹೆಂಗಸರು ಕೇಳಿದ್ದು ಕಕ್ಕಸು. ಮೇಲಿನವರು ಕೊಟ್ಟದ್ದು ಇಂಗ್ಲಿಷು.

ಅದೊಂದು ಗಾಜಿನ ಕಟ್ಟಡ. ಕೆಳಗೆ ನಿಂತು ತಲೆಯೆತ್ತಿ ನೋಡಿದರೆ ಕತ್ತು ಹಿಡಿದುಕೊಳ್ಳುತ್ತದೆ. ಒಂದೊಂದು ಮಹಡಿಗೆ ಒಂದೊಂದು ಕಂಪನಿ. ಒಂದೊಂದು ಮಹಡಿಯಲ್ಲೂ ಸಾಲಾಗಿ ಟಾಯ್ಲೆಟ್ಟು. ಆಳೆತ್ತರದ ಕನ್ನಡಿ, ಕೈಯೊಡ್ಡಿದರೆ ತಾನಾಗಿ ಸುರಿಯುವ ನೀರು, ಒಳಗೆ ಕಾಲಿಟ್ಟರೆ ಹೂವಿನ ವಾಸನೆ. ದಿನಾ ಮಂಡಿಯೂರಿ ತಿಕ್ಕಿ ಆ ವಾಸನೆ ಹುಟ್ಟಿಸುವವರು ಇದೇ ಹೆಂಗಸರು. ಒಳಗೆ ಕೂರುವ ಹಕ್ಕು ಮಾತ್ರ ಅವರಿಗಿರಲಿಲ್ಲ.

ಅವರಿಗೆ ಒಂದಕ್ಕೆ ಬಂದರೆ ಸರ್ವಿಸ್ ಮೆಟ್ಟಿಲು ಇಳಿಯಬೇಕು. ಲಿಫ್ಟು ಇದೆ. ಕೈಯಲ್ಲಿ ಬಕೆಟ್ಟಿದ್ದರೆ ಹತ್ತಬಹುದು, ಬಕೆಟ್ಟಿಲ್ಲದ ಹೆಂಗಸು ಹತ್ತುವ ಹಾಗಿಲ್ಲ. ಹಿಂಬಾಗಿಲಿನಿಂದ ಹೊರಬಿದ್ದು, ಬಸ್ಸು ಲಾರಿ ನುಗ್ಗುವ ರಸ್ತೆ ದಾಟಿ, ಪೆಟ್ರೋಲ್ ಬಂಕಿನ ಹಿಂದಿರುವ ಕಕ್ಕಸಿಗೆ ಹೋಗಬೇಕು. ಅದಕ್ಕೆ ಚಿಲಕವಿಲ್ಲ. ಒಬ್ಬಳು ಒಳಗೆ, ಇನ್ನೊಬ್ಬಳು ಬಾಗಿಲು ಹಿಡಿದುಕೊಂಡು ಹೊರಗೆ. ಬಂಕಿನ ಗಂಡಸರು ಹಲ್ಲು ಕಿರಿಯುತ್ತಾರೆ. ಇಬ್ಬರು ಒಟ್ಟಿಗೆ ಹೋದರೆ ಕೆಲಸಗಳ್ಳಿಯರು ಎಂದು ಇಲ್ಲಿ ಸೂಪರ್‌ವೈಸರ್ ಕೂಗಾಡುತ್ತಾನೆ. ಅದಕ್ಕೆ ಹೆಂಗಸರು ತಮ್ಮದೇ ಒಂದು ಉಪಾಯ ಕಂಡುಕೊಂಡಿದ್ದರು. ಬೆಳಗ್ಗೆಯಿಂದ ಸಂಜೆಯವರೆಗೆ ನೀರು ಕುಡಿಯುತ್ತಿರಲಿಲ್ಲ.

ಅವರಲ್ಲೊಬ್ಬಳು ಚಿಕ್ಕಮ್ಮ. ಅವಳು ನಿಜವಾಗಿ ಚಿಕ್ಕಮ್ಮನಾಗಿದ್ದು ಅಕ್ಕನ ಮಗಳೊಬ್ಬಳಿಗೆ. ಅಕ್ಕ ಸತ್ತ ಮೇಲೆ ಆ ಹುಡುಗಿಯನ್ನು ಸಾಕಿ, ಮದುವೆ ಮಾಡಿ, ಇದೇ ಕಟ್ಟಡದಲ್ಲಿ ಕೆಲಸಕ್ಕೂ ಹಚ್ಚಿದ್ದಳು. ಹುಡುಗಿ ಮಾತುಮಾತಿಗೂ 'ಚಿಕ್ಕಮ್ಮಾ' ಎಂದು ಕೂಗುತ್ತಿದ್ದಳು. ಕೇಳಿ ಕೇಳಿ ಉಳಿದವರ ಬಾಯಿಗೂ ಅದೇ ಬಂತು. ಅವಳಿಗಿಂತ ಎಷ್ಟೋ ದೊಡ್ಡವನಾದ ಗೇಟಿನ ಮುದುಕನೂ ಚಿಕ್ಕಮ್ಮ ಎಂದೇ ಕರೆಯುತ್ತಿದ್ದ.

"ನಿಂಗೆ ಚಿಕ್ಕಮ್ಮ ಆಗ್ಬೇಕು ಅಂದ್ರೆ ನಾನು ನಿಮ್ಮಜ್ಜಿ ಹೊಟ್ಟೇಲಿ ಹುಟ್ಬೇಕಿತ್ತು ಕಣಯ್ಯಾ" ಎಂದು ಅವಳು ರೇಗಿಸಿದರೆ, "ಹುಟ್ಟು, ಯಾರು ಬೇಡ ಅಂದ್ರು?" ಎಂದು ಮುದುಕ ಗೇಟು ತೆಗೆಯುತ್ತಿದ್ದ.

ಈಗ ಆ ಹುಡುಗಿ ಬಸುರಿ. ಹೊಟ್ಟೆ ಸಮವಸ್ತ್ರದ ಗುಂಡಿ ದಾಟಿ ಮುಂದೆ ಬಂದಿತ್ತು. ಬಸುರಿಯ ಮೈ ಯಾವ ಉಪಾಯಕ್ಕೂ ಬಗ್ಗುವುದಿಲ್ಲ. ನೀರು ಕುಡಿಯಲಿ ಬಿಡಲಿ, ಗಳಿಗೆಗೊಮ್ಮೆ ಹೋಗಲೇಬೇಕು. ಗಳಿಗೆಗೊಮ್ಮೆ ಅಷ್ಟು ಮೆಟ್ಟಿಲು ಇಳಿದು ಹತ್ತುವುದಾದರೂ ಹೇಗೆ?

ಚಿಕ್ಕಮ್ಮ ಮ್ಯಾನೇಜರ ಮುಂದೆ ಹೋಗಿ ನಿಂತಳು. ಜೊತೆಗೆ ಉಳಿದವರೂ ಇದ್ದರು.

"ಸಾರ್, ಒಂದು ಮೂಲೇಲಿ ನಮಗೂ ಒಂದು ಕಕ್ಕಸು ತೋರಿಸಿ. ಹುಡುಗಿ ಬಸುರಿ."

ಮ್ಯಾನೇಜರು ಒಳ್ಳೆಯ ಮನುಷ್ಯರು. ಯಾರಿಗೂ ಇಲ್ಲ ಎನ್ನುವುದಿಲ್ಲ. "ನೋಡೋಣಮ್ಮ, ನೋಡೋಣ. ನಿಮ್ಮ ಬಗ್ಗೆ ನಾವು ತುಂಬಾ ಯೋಚನೆ ಮಾಡ್ತಾ ಇದೀವಿ" ಎಂದರು. ಯೋಚನೆ ಮಾಡಿ ಮಾಡಿ ಕೊನೆಗೆ ನೋಟಿಸ್ ಬೋರ್ಡಿಗೆ ಒಂದು ಚೀಟಿ ಅಂಟಿಸಿದರು. ಸಿಬ್ಬಂದಿಯ ಏಳಿಗೆಗಾಗಿ ಇಂಗ್ಲಿಷ್ ತರಗತಿ.

"ಓದಕ್ಕೆ ಬರೋರು ಓದ್ರೇ, ಏನಂತೆ?" ಎಂದಳು ಮಾತಿನಮಲ್ಲಿ. ಇವಳು ಗಾಜು ಒರೆಸುವವಳು. ಬಾಯಿಗೆ ಬಿಡುವಿಲ್ಲದ್ದರಿಂದ ಆ ಹೆಸರು.

ಓದಿ ಹೇಳಿದ ಮೇಲೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಇಂಗ್ಲಿಷ್ ಕಲಿತ್ರೆ ಉಚ್ಚೆ ನಿಲ್ಲುತ್ತಾ?" ಎಂದು ಮಾತಿನಮಲ್ಲಿ ಕೇಳಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗುವಾಗ ಹುಡುಗಿ ಮಾತ್ರ ಹೊಟ್ಟೆ ಹಿಡಿದುಕೊಂಡು "ನಗಿಸ್ಬೇಡ್ರೇ, ಆಗಲ್ಲ" ಎಂದು ಗೋಡೆಗೆ ಒರಗಿದಳು.

ತರಗತಿ ನಡೆಯುತ್ತಿದ್ದದ್ದು ನೆಲಮಾಳಿಗೆಯ ಸಾಮಾನು ಕೋಣೆಯಲ್ಲಿ, ಊಟದ ಹೊತ್ತಿನಲ್ಲಿ. ಊಟದ ಹೊತ್ತೆಂದರೆ ಕಂಪನಿಯವರದಲ್ಲ, ಹೆಂಗಸರದು. ಇಂಗ್ಲಿಷು ಮುಗಿದ ಮೇಲೆ ಡಬ್ಬಿ ತೆರೆದು ನಾಲ್ಕು ತುತ್ತು ನುಂಗುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಕುರ್ಚಿ ಇತ್ತು, ಟೀಚರಿಗೆ ಒಂದು. ಹೆಂಗಸರು ನಿಂತೇ ಕಲಿಯುತ್ತಿದ್ದರು.

ಟೀಚರ್ ಚಿಕ್ಕ ವಯಸ್ಸಿನ ಹುಡುಗಿ. ಮೆತ್ತಗಿನ ಮಾತು. ಗದರುತ್ತಿರಲಿಲ್ಲ. ತಪ್ಪು ಹೇಳಿದರೂ "ವೆರಿ ಗುಡ್" ಎನ್ನುತ್ತಿದ್ದಳು. ದಿನಬಳಕೆಯ ಇಂಗ್ಲಿಷು ಎಂದು ಹೇಳಿ ಕಲಿಸಿದ್ದು ಇಷ್ಟು. ಬೆಳಗ್ಗೆ ಕಂಡರೆ ಗುಡ್ ಮಾರ್ನಿಂಗ್ ಸಾರ್. ಬೈದರೆ ಸಾರಿ ಸಾರ್. ಕರೆದರೆ ಯೆಸ್ ಮೇಡಂ. ಏನು ಕೊಟ್ಟರೂ ಥ್ಯಾಂಕ್ಯೂ. ದಾರಿ ಕೇಳಿದರೆ ಗೋ ಸ್ಟ್ರೇಟ್, ಅಂದರೆ ನೆಟ್ಟಗೆ ಹೋಗಿ. ಟರ್ನ್ ಲೆಫ್ಟ್, ಎಡಕ್ಕೆ ತಿರುಗಿ. ಎಲ್ಲದಕ್ಕೂ ಮುಂದೊಂದು ಹಿಂದೊಂದು ಪ್ಲೀಸ್.

"ಪ್ಲೀಸ್ ಅಂದ್ರೆ ಏನಮ್ಮಾ?" ಎಂದು ಯಾರೋ ಕೇಳಿದರು.

"ದಯವಿಟ್ಟು ಅಂತ."

"ದಾರಿ ತೋರಿಸೋಳು ನಾನು. ದಯ ಬೇಕಾಗಿರೋದು ಅವರಿಗಲ್ವಾ?" ಎಂದಳು ಮಾತಿನಮಲ್ಲಿ.

ಟೀಚರ್ ನಕ್ಕಳು. ಮುಂದಿನ ಪಾಠಕ್ಕೆ ಹೋದಳು. ಕುರ್ಚಿಯ ಮೇಲೆ ಕೂತು "ವೇರ್ ಈಸ್ ದಿ ಟಾಯ್ಲೆಟ್?" ಎಂದು ಕೇಳಿದಳು. ಟಾಯ್ಲೆಟ್ ಎಲ್ಲಿದೆ ಎಂಬ ಪ್ರಶ್ನೆ ಅದು, ಹೊಸಬರು ಬಂದರೆ ಮೊದಲು ಕೇಳುವುದೇ ಅದನ್ನು ಎಂದು ವಿವರಿಸಿದಳು. ಹೆಂಗಸರೆಲ್ಲ ಒಕ್ಕೊರಲಿನಿಂದ "ಪ್ಲೀಸ್ ಗೋ ಸ್ಟ್ರೇಟ್, ಟರ್ನ್ ಲೆಫ್ಟ್, ಪ್ಲೀಸ್" ಎಂದು ಕೂಗಿದರು. ಗೋಡೆಗಳು ನಡುಗಿದವು.

"ಈಗ ಆ ಪ್ರಶ್ನೆ ನಮಗೂ ಹೇಳಿಕೊಡಿ" ಎಂದಳು ಚಿಕ್ಕಮ್ಮ.

"ಪ್ರಶ್ನೆ ನಿಮ್ಮದಲ್ಲಮ್ಮ" ಎಂದಳು ಟೀಚರ್, ಅಷ್ಟೇ ಮೆತ್ತಗೆ. "ಅವರು ಕೇಳ್ತಾರೆ. ನೀವು ಉತ್ತರ ಕಲಿತ್ರೆ ಸಾಕು."

ಅವಳದ್ದೇನೂ ತಪ್ಪಿಲ್ಲ. ಅವಳಿಗೆ ಕೊಟ್ಟ ಪುಸ್ತಕದಲ್ಲಿ ಹಾಗೇ ಇತ್ತು. ಕಸಗುಡಿಸುವ ಹೆಂಗಸಿಗೆ ಏನಾದರೂ ಕೇಳುವುದಿರುತ್ತದೆ ಎಂದು ಪುಸ್ತಕ ಬರೆದವನ ತಲೆಗೆ ಹೊಳೆದಿರಲಿಲ್ಲ. ಅದರಲ್ಲಿ ಯೆಸ್ ತುಂಬಿ ತುಳುಕುತ್ತಿತ್ತು. ನೋ ಎಂಬ ಒಂದು ಪದ ಹುಡುಕಿದರೂ ಸಿಗುತ್ತಿರಲಿಲ್ಲ.

ಆದರೆ ಕಲಿತದ್ದನ್ನು ಬಾಯಿಪಾಠ ಮಾಡಬೇಕಲ್ಲ? ಉತ್ತರ ಹೇಳಬೇಕೆಂದರೆ ಯಾರಾದರೂ ಪ್ರಶ್ನೆ ಕೇಳಲೇಬೇಕು. ಹೀಗಾಗಿ ಹೆಂಗಸರು ಆಟವೊಂದನ್ನು ಕಟ್ಟಿದರು. ಮಾಪು, ಪೊರಕೆ, ಫಿನಾಯಿಲ್ ಡಬ್ಬಗಳನ್ನಿಡುವ ಕಿರುಕೋಣೆಯಲ್ಲಿ ಬಕೆಟ್ಟೊಂದನ್ನು ಬೋರಲು ಹಾಕಿ, ಅದರ ಮೇಲೆ ಒಬ್ಬಳು ಮೇಡಂ ಆಗಿ ಕೂರುವುದು. ಉಳಿದವರು ಉತ್ತರ ಹೇಳುವುದು. ಸರದಿಯ ಮೇಲೆ ಎಲ್ಲರೂ ಮೇಡಂ ಆದರು. ದಿನವಿಡೀ ಬಗ್ಗಿದ ಸೊಂಟಕ್ಕೆ ಬಕೆಟ್ಟೂ ಹಂಸತೂಲಿಕೆಯೇ. ಇಳಿ ಎಂದರೂ ಯಾರೂ ಇಳಿಯುತ್ತಿರಲಿಲ್ಲ.

ಪ್ರಶ್ನೆಗಳನ್ನು ಅವರಿಗೆ ಯಾರೂ ಕಲಿಸಲಿಲ್ಲ. ಕಾರಿಡಾರಿನಲ್ಲಿ ಕೇಳಿ ಕೇಳಿ ಕಲಿತರು. ಕೇಳಿದ ಹಾಗೆಯೇ ಕಲಿತರು. ಕಂಪನಿಯವರು ಇವರನ್ನು ಏನಾದರೂ ಕೇಳುವಾಗ ಮುಖ ನೋಡುವುದಿಲ್ಲ. ಗಲ್ಲ ಮೇಲಿರುತ್ತದೆ. ಕಣ್ಣು ಇವರ ತಲೆಯ ಮೇಲಿಂದ ಎಲ್ಲೋ ಗೋಡೆಯ ಕಡೆ ಇರುತ್ತದೆ. ಕೇಳುವ ಮೊದಲು ಎರಡು ಬೆರಳಿನಿಂದ ಚಿಟಿಕೆ ಹೊಡೆಯುತ್ತಾರೆ. ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವ ಕ್ರಮವೇ ಇದು, ಚಿಟಿಕೆಯೂ ಗಲ್ಲವೂ ಆ ಮಾತಿನದೇ ಭಾಗ ಎಂದು ಹೆಂಗಸರು ನಂಬಿದರು. ಯಾರಾದರೂ ಮೆತ್ತಗೆ ಕೇಳಿದರೆ ಮಾತಿನಮಲ್ಲಿ ಬಿಡುತ್ತಿರಲಿಲ್ಲ.

"ಥೂ, ಅದು ಪ್ರಶ್ನೆನಾ? ಭಿಕ್ಷೆ ಬೇಡ್ದಂಗಿದೆ. ಗಲ್ಲ ಎತ್ತು. ನನ್ನ ಮುಖ ಯಾಕೆ ನೋಡ್ತೀಯ? ನಾನು ಇಲ್ವೇ ಇಲ್ಲ ಅಂದ್ಕೊ. ಹಾಂ, ಈಗ ಚಿಟಿಕೆ ಹೊಡಿ."

ಚಿಕ್ಕಮ್ಮನ ಚಿಟಿಕೆ ಸದ್ದು ಮಾಡುತ್ತಿರಲಿಲ್ಲ. ಆಸಿಡ್ಡು ತಿಂದು ಬೆರಳ ತುದಿಗಳು ನುಣುಪಾಗಿದ್ದವು. ಕಲಿತೇ ಬಿಡುತ್ತೇನೆಂದು ಹಟ ಹಿಡಿದಳು. ಮಾಪು ಹಿಂಡುವಾಗ, ಮೆಟ್ಟಿಲು ಒರೆಸುವಾಗ ಅದೇ ಧ್ಯಾನ. "ದಿಸ್ ಈಸ್ ಎ ಬಕೆಟ್" ಎಂದು ಬಕೆಟ್ಟಿಗೆ ಹೇಳುವಳು. "ದಟ್ ಈಸ್ ಎ ಸಾರ್" ಎಂದು ದೂರ ಹೋಗುವ ಸಾರನ್ನು ಬೆಟ್ಟು ಮಾಡುವಳು. "ಎರಡರಲ್ಲಿ ಕೆಲಸಕ್ಕೆ ಬರೋದು ಬಕೆಟ್ಟು" ಎಂದು ಹುಡುಗಿ ಪಿಸುಗುಟ್ಟಿದರೆ ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಗುವರು. ನಿಜ ಹೇಳಬೇಕೆಂದರೆ ಆ ದಿನಗಳು ಚೆನ್ನಾಗಿಯೇ ಇದ್ದವು.

ಬೀಗರಿಗೆ ಈ ನಗು ಹಿಡಿಸಲಿಲ್ಲ. ಬೀಗರೆಂದರೆ ಸೂಪರ್‌ವೈಸರ್. ಸೊಂಟದಲ್ಲಿ ಕೀಲಿಗಳ ದೊಡ್ಡ ಗೊಂಚಲು, ನಡೆದರೆ ಝಣಝಣ ಸದ್ದು. ಕಂಡ ಬಾಗಿಲಿಗೆಲ್ಲ ಬೀಗ ಜಡಿಯುವುದೇ ಅವನ ಕೆಲಸವಾದ್ದರಿಂದ ಹೆಂಗಸರು ಅವನನ್ನು ಬೀಗರನ್ನಾಗಿ ಮಾಡಿಕೊಂಡಿದ್ದರು. "ಬೀಗರು ಬಂದ್ರು ಕಣ್ರೇ, ಉಪಚಾರಕ್ಕೆ ಏಳ್ರೇ" ಎಂದರೆ ಬಕೆಟ್ಟಿನ ಮೇಲೆ ಕೂತವಳೂ ಏಳುತ್ತಿದ್ದಳು. ಅವನ ಅಮ್ಮನೂ ಎಲ್ಲೋ ಕಸಗುಡಿಸಿಯೇ ಅವನನ್ನು ಸಾಕಿದ್ದು ಎಂದು ಗೇಟಿನ ಮುದುಕ ಹೇಳುತ್ತಿದ್ದ. ಹೇಳಿದ ಮೇಲೆ ಸುತ್ತ ನೋಡಿ ಬಾಯಿ ಮುಚ್ಚಿಕೊಳ್ಳುತ್ತಿದ್ದ.

ಒಂದು ಮಧ್ಯಾಹ್ನ ಹುಡುಗಿಗೆ ತಡೆಯಲಾಗಲಿಲ್ಲ. ಅವಳು ಒರೆಸುತ್ತಿದ್ದ ಮಹಡಿಯಲ್ಲಿ ಟಾಯ್ಲೆಟ್ಟುಗಳೆಲ್ಲ ಇರುವ ಒಂದು ಓಣಿ. ಅದರ ಕೊನೆಯಲ್ಲಿ ಅತಿಥಿಗಳಿಗೆಂದೇ ಒಂದು. ಅತಿಥಿಗಳು ಬರುವುದು ಅಪರೂಪ. ಬಾರದ ಅತಿಥಿಗಳಿಗಾಗಿ ಅದನ್ನು ದಿನಾ ಎರಡು ಹೊತ್ತು ತೊಳೆಯಬೇಕು. ಹುಡುಗಿ ಆಗಷ್ಟೇ ತೊಳೆದು ಹೊರಬಂದಿದ್ದಳು. ಓಣಿಯಲ್ಲಿ ಯಾರೂ ಇರಲಿಲ್ಲ. ಮತ್ತೆ ಒಳಗೆ ಹೋದಳು.

ಹೊರಬಂದಾಗ ಎದುರಿಗೆ ಬೀಗರು.

"ತೊಳಿಯಕ್ಕೆ ಇಟ್ಕೊಂಡಿರೋದು ನಿಮ್ಮನ್ನ. ಕೂರಕ್ಕಲ್ಲ."

ಹೋಗಹೊರಟ ಹುಡುಗಿಗೆ ಅವನು ಅಡ್ಡ ನಿಂತ.

"ದೊಡ್ಡೋರು ಕೂರೋ ಜಾಗ ಅದು. ಮೈಲಿಗೆ ಮಾಡಿಟ್ಟೆ. ತೊಳಿ. ಆಸಿಡ್ ಹಾಕಿ ತೊಳಿ."

ಅವಳು ತೊಳೆದಳು. ಇನ್ನೊಂದು ಸಲ ಎಂದ. ತೊಳೆದಳು. ಇನ್ನೊಂದು ಸಲ ಎಂದ. ಬಾಗಿಲು ತೆರೆದೇ ಇತ್ತು. ಕಂಪನಿಯ ಜನ ಕಾಫಿ ಲೋಟ ಹಿಡಿದುಕೊಂಡು ಬಂದು ನೋಡಿದರು. ಒಬ್ಬಳು ಮೂಗು ಮುಚ್ಚಿಕೊಂಡಳು. ಯಾರೂ ಸಾಕು ಎನ್ನಲಿಲ್ಲ. ಬಸುರಿ ಮಂಡಿಯೂರಿ, ಹೊಟ್ಟೆ ತೊಡೆಗೆ ಒತ್ತಿಕೊಂಡು, ಆಸಿಡ್ಡಿನ ಹೊಗೆ ಕುಡಿಯುತ್ತಾ ತಿಕ್ಕಿದಳು. ಮೂರನೆಯ ಸಲ ಅಲ್ಲೇ ವಾಂತಿ ಮಾಡಿಕೊಂಡಳು.

"ಅದನ್ನೂ ತೊಳಿ" ಎಂದ ಬೀಗ.

ಸುದ್ದಿ ಕೇಳಿ ಮೇಲಿನ ಮಹಡಿಯಿಂದ ಚಿಕ್ಕಮ್ಮ ಓಡಿ ಬಂದಳು. ಹುಡುಗಿಯ ಕೈಯಿಂದ ಬ್ರಷ್ಷು ಕಿತ್ತುಕೊಂಡಳು. ಅವಳನ್ನು ಗೋಡೆಗೆ ಒರಗಿಸಿ ತಾನೇ ಕೂತು ಉಜ್ಜಿದಳು. ಅವನ ಏಳು ತಲೆಮಾರನ್ನು ಬೈಯುವಷ್ಟು ಬಾಯಿ ಅವಳಿಗಿತ್ತು. ತಲೆಯೆತ್ತಿ ಬಾಯಿ ತೆರೆದಳು. ಹೊರಬಂದದ್ದು "ಸಾರಿ ಸಾರ್."

ಆ ಮಾತು ಅವಳದಲ್ಲ. ಊಟ ಬಿಟ್ಟು ನಿಂತು ಕಲಿತದ್ದು. ಬೈಗುಳ ಬರಬೇಕಾದ ಜಾಗದಲ್ಲಿ ತಾನಾಗಿ ಬಂದು ಕೂತಿತ್ತು. ಬೀಗ ಸಮಾಧಾನವಾಗಿ ತಲೆಯಾಡಿಸಿ, ಇಬ್ಬರನ್ನೂ ಹೊರಗೆ ಕಳಿಸಿ ಆ ಬಾಗಿಲಿಗೆ ಬೀಗ ಹಾಕಿ, ಝಣಝಣ ಹೊರಟುಹೋದ. ಚಿಕ್ಕಮ್ಮನಿಗೆ ಅವನ ಮೇಲಿಗಿಂತ ತನ್ನ ನಾಲಿಗೆಯ ಮೇಲೆ ಹೆಚ್ಚು ಸಿಟ್ಟು ಬಂತು.

ಮರುದಿನ ಹುಡುಗಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ಪರೀಕ್ಷೆ ಮಾಡಿ ಗದರಿಸಿದರು. ಮೂತ್ರದಲ್ಲಿ ಸೋಂಕಾಗಿದೆ. ನೀರು ಸರಿಯಾಗಿ ಕುಡಿಯಬೇಕು, ಬಂದಾಗ ತಡೆಯಬಾರದು. ಹೀಗೇ ತಡೆದರೆ ಮಗು ಉಳಿಯುವುದು ಕಷ್ಟ. "ಇಷ್ಟು ಚಿಕ್ಕ ವಿಷ್ಯ, ನಿಮ್ಮ ಕೈಲಿ ಆಗಲ್ವಾ?" ಎಂದು ಕೇಳಿದರು.

ಬಸ್ ಸ್ಟಾಪಿನಲ್ಲಿ ಅವಳು ಹೇಳಿದಳು. "ಕೆಲ್ಸ ಬಿಡ್ತೀನಿ ಚಿಕ್ಕಮ್ಮಾ."

"ಬಿಟ್ಟು?"

"ಬೇರೆ ಕಡೆ ನೋಡೋಣ."

"ಹೊಟ್ಟೆ ಹೊತ್ಕೊಂಡು ಹೋದ್ರೆ ಯಾರು ಕೊಡ್ತಾರೆ? ಕೊಟ್ರೂ ಅಲ್ಲೇನು ಬಂಗಾರದ ಕಕ್ಕಸು ಕಟ್ಸಿಟ್ಟಿರ್ತಾರಾ? ಎಲ್ಲಾ ಕಡೆ ಒಬ್ಬ ಬೀಗ ಇದ್ದೇ ಇರ್ತಾನೆ."

"ಮತ್ತೆ ಏನ್ ಮಾಡೋದು?"

ಬಸ್ಸು ಬಂತು. ಹತ್ತುವಾಗ ಚಿಕ್ಕಮ್ಮ ಹೇಳಿದಳು. "ಕೇಳೋಣ."

"ಕೇಳಿದ್ವಲ್ಲ."

"ನಮ್ಮ ಮಾತಲ್ಲಿ ಕೇಳಿದ್ವಿ. ಅವರ ಮಾತಲ್ಲಿ ಕೇಳೋಣ."

ಹೇಳಿ ಮಾಡಿಸಿದ ಹಾಗೆ ಅದೇ ವಾರ ಕಟ್ಟಡದ ಒಡೆಯರ ಕಡೆಯಿಂದ ದೊಡ್ಡ ಮೇಡಂ ಬರುತ್ತಾರೆಂದು ಸುದ್ದಿಯಾಯಿತು. ದೂರದವರು. ಇಂಗ್ಲಿಷು ಬಿಟ್ಟು ಬೇರೆ ಮಾತು ಗೊತ್ತಿಲ್ಲದವರು. ಕಸಗುಡಿಸುವವರ ಏಳಿಗೆಯನ್ನು ಕಣ್ಣಾರೆ ನೋಡಬೇಕೆಂದು ಅವರ ಆಸೆಯಂತೆ. ಮ್ಯಾನೇಜರಿಗೆ ಕೈಕಾಲು ಆಡಲಿಲ್ಲ. ಹೊಸ ಸಮವಸ್ತ್ರ ಬಂತು. ಅತಿಥಿಗಳ ಟಾಯ್ಲೆಟ್ಟಿಗೆ ಹೂಕುಂಡ ಬಂತು. ಯಾರು ಏನು ಹೇಳಬೇಕೆಂದು ಟೀಚರ್ ಹಂಚಿಕೊಟ್ಟಳು. ಚಿಕ್ಕಮ್ಮನ ಪಾಲಿಗೆ ಬಂದದ್ದು ಗೋ ಸ್ಟ್ರೇಟ್, ಟರ್ನ್ ಲೆಫ್ಟ್.

ಕಿರುಕೋಣೆಯಲ್ಲಿ ಚಿಕ್ಕಮ್ಮ ಅದನ್ನು ಅಭ್ಯಾಸ ಮಾಡಲಿಲ್ಲ. ಬಕೆಟ್ಟಿನ ಮೇಲೆ ಕೂತು ಬೇರೊಂದನ್ನು ಅಭ್ಯಾಸ ಮಾಡಿದಳು. ಮಾತಿನಮಲ್ಲಿ ಎದುರಿಗೆ ನಿಂತು ತಿದ್ದಿದಳು.

"ಗಲ್ಲ ಇನ್ನೂ ಮೇಲೆ. ಹಾಂ, ಹಂಗೆ. ಕೆಲ್ಸ ಹೋದ್ರೆ ಏನ್ ಮಾಡ್ತೀಯೇ ಚಿಕ್ಕಮ್ಮಾ?"

"ಹೋದ್ರೆ ಹೋಗ್ಲಿ. ಸುಮ್ನಿದ್ರೆ ಮಗು ಹೋಗುತ್ತೆ."

ಮಾತಿನಮಲ್ಲಿ ತನ್ನ ಕೈಯಿಂದಲೇ ಅವಳ ಗಲ್ಲವನ್ನು ಇನ್ನಷ್ಟು ಮೇಲೆತ್ತಿದಳು.

ಆ ದಿನ ಬಂತು. ಅತಿಥಿಗಳ ಟಾಯ್ಲೆಟ್ಟಿರುವ ಮಹಡಿಯಲ್ಲೇ ದೊಡ್ಡ ಕೋಣೆ, ಉದ್ದನೆ ಮೇಜು. ದೊಡ್ಡ ಮೇಡಂ ಬೆಳ್ಳಗಿನ ಕೂದಲಿನವರು, ನಗುಮುಖದವರು. ಅವರ ಎಡಬಲದಲ್ಲಿ ಟೈ ಕಟ್ಟಿದವರು. ಹೆಂಗಸರು ಗೋಡೆಗೆ ಸಾಲಾಗಿ ನಿಂತಿದ್ದರು. ಹುಡುಗಿಯನ್ನು ಕೊನೆಯಲ್ಲಿ, ದೊಡ್ಡದೊಂದು ಗಿಡದ ಕುಂಡದ ಮರೆಗೆ ನಿಲ್ಲಿಸಿದ್ದರು. ಹೊಟ್ಟೆ ಫೋಟೋದಲ್ಲಿ ಕಾಣಬಾರದೆಂದು. ಬೆಳಗ್ಗೆಯಿಂದ ಯಾರನ್ನೂ ಕೆಳಗೆ ಬಿಟ್ಟಿರಲಿಲ್ಲ. ಹುಡುಗಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು.

ಗುಡ್ ಮಾರ್ನಿಂಗ್ ಆಯಿತು. ಥ್ಯಾಂಕ್ಯೂ ಆಯಿತು. ಮಾತಿನಮಲ್ಲಿ ಸಾರಿ ಹೇಳಿದಳು, ಯಾಕೆಂದು ಯಾರಿಗೂ ಗೊತ್ತಾಗಲಿಲ್ಲ. ಎಲ್ಲದಕ್ಕೂ ಚಪ್ಪಾಳೆ. ಕೊನೆಗೆ ಚಿಕ್ಕಮ್ಮನ ಸರದಿ. ಟೀಚರ್ ಕಣ್ಸನ್ನೆ ಮಾಡಿದಳು. ದೊಡ್ಡ ಮೇಡಂ ಕೈಯಲ್ಲಿದ್ದ ಪಾಠದ ಹಾಳೆ ನೋಡಿಕೊಂಡು ಪ್ರೀತಿಯಿಂದಲೇ ಕೇಳಿದರು. "ವೇರ್ ಈಸ್ ದಿ ಟಾಯ್ಲೆಟ್?"

ಚಿಕ್ಕಮ್ಮ ಉತ್ತರ ಹೇಳಲಿಲ್ಲ.

ಗಲ್ಲ ಎತ್ತಿದಳು. ಕಣ್ಣನ್ನು ದೊಡ್ಡ ಮೇಡಮ್ಮಿನ ಬೆಳ್ಳಗಿನ ಕೂದಲಿನ ಮೇಲಿಂದ ಹಾಯಿಸಿ ಆಚೆ ಗೋಡೆಯ ಮೇಲೆ ನೆಟ್ಟಳು. ಕೈ ಮುಂದೆ ಮಾಡಿ ಚಿಟಿಕೆ ಹೊಡೆದಳು. ಆ ದಿನ ಸದ್ದು ಬಂತು.

"ವೇರ್ ಈಸ್ ಮೈ ಟಾಯ್ಲೆಟ್?"

ನನ್ನ ಕಕ್ಕಸು ಎಲ್ಲಿದೆ? ಇಂಗ್ಲಿಷಿನ ಕ್ರಮದಂತೆಯೇ ಕೇಳಿದ್ದೇನೆ, ಎಲ್ಲೂ ತಪ್ಪಿಲ್ಲ ಎಂದು ಅವಳ ನಂಬಿಕೆ. ಆದರೆ ಆ ಚಿಟಿಕೆಗೆ, ಆ ಗಲ್ಲಕ್ಕೆ ಎಂಥ ಶಕ್ತಿಯಿತ್ತೆಂದರೆ ದೊಡ್ಡ ಮೇಡಂ ಥಟ್ಟನೆ ಕುರ್ಚಿಯಿಂದ ಎದ್ದು ನಿಂತರು. ಯಾರೋ ತಮಗಿಂತ ಮೇಲಿನವರು ಕೇಳುತ್ತಿದ್ದಾರೆ ಎಂದು ಮೈಗೆ ಅನಿಸಿಬಿಟ್ಟಿರಬೇಕು. ಕೈ ಬಾಗಿಲ ಕಡೆ ಚಾಚಿ ತಡವರಿಸುತ್ತಾ ಹೇಳಿದರು. "ಗೋ ಸ್ಟ್ರೇಟ್... ಟರ್ನ್ ಲೆಫ್ಟ್... ಪ್ಲೀಸ್."

ಗೋಡೆಯ ಬದಿಯ ಹೆಂಗಸರು ಘೊಳ್ಳೆಂದು ನಕ್ಕರು. ತಡೆದುಕೊಳ್ಳಲು ಯಾರಿಂದಲೂ ಆಗಲಿಲ್ಲ. ಮ್ಯಾನೇಜರು ಬೆವರು ಒರೆಸಿಕೊಂಡರು.

"ನೋ" ಎಂದಳು ಚಿಕ್ಕಮ್ಮ. ಈ ಪದವನ್ನೂ ಕಾರಿಡಾರಿನಲ್ಲೇ ಕಲಿತಿದ್ದಳು. ಬೀಗನ ಸೊಂಟದ ಕಡೆ ಬೆರಳು ತೋರಿಸಿದಳು. "ಲಾಕ್. ಕೀ." ಆಮೇಲೆ ಕುಂಡದ ಹಿಂದೆ ಹೋಗಿ ಹುಡುಗಿಯ ಕೈ ಹಿಡಿದು ಹೊಟ್ಟೆ ಕಾಣುವ ಹಾಗೆ ಎದುರಿಗೆ ತಂದು ನಿಲ್ಲಿಸಿದಳು. "ಬೇಬಿ. ನೋ ಟಾಯ್ಲೆಟ್."

ಇನ್ನೂ ಹೇಳುವುದಿತ್ತು. ಇಂಗ್ಲಿಷು ಅಷ್ಟಕ್ಕೇ ಮುಗಿದುಹೋಯಿತು. ಮ್ಯಾನೇಜರ ಕಡೆ ತಿರುಗಿದಳು. "ಬಾಗಿಲು ತೆಗಿಸಿ ಸಾರ್."

ಟೀಚರ್ ಹತ್ತಿರ ಬಂದು ಕಿವಿಯಲ್ಲಿ ಹೇಳಿದಳು. ಪಾಪ, ಅವಳ ಕಣ್ಣಲ್ಲಿ ನೀರಿತ್ತು. "ಪ್ಲೀಸ್ ಸೇರಿಸಿ ಹೇಳಿ ಅಮ್ಮಾ. ನನ್ನ ಕೆಲ್ಸ ಹೋಗುತ್ತೆ."

"ಉಚ್ಚೆ ಹೊಯ್ಯಕ್ಕೆ ಪ್ಲೀಸ್ ಯಾಕಮ್ಮಾ? ಹೇಳಲ್ಲ" ಎಂದಳು ಚಿಕ್ಕಮ್ಮ.

ದೊಡ್ಡ ಮೇಡಂ ಮ್ಯಾನೇಜರನ್ನು ಏನೋ ಕೇಳಿದರು. ಮ್ಯಾನೇಜರು ಹಲ್ಲು ಬಿಟ್ಟು ಏನೋ ಹೇಳಿದರು. ಬೀಗನಿಗೆ ಕಣ್ಣು ಮಿಟುಕಿಸಿದರು. ಬೀಗ ಓಡಿಹೋಗಿ ಓಣಿಯ ಕೊನೆಯ ಬಾಗಿಲು ತೆಗೆದ. ಹುಡುಗಿ ಒಳಗೆ ಹೋದಳು. ದೊಡ್ಡ ಮೇಡಂ ನಕ್ಕು, ಎಲ್ಲರಿಗೂ ವೆರಿ ಗುಡ್ ಹೇಳಿ, ಮೇಲಿನ ಮಹಡಿಗೆ ಊಟಕ್ಕೆ ಹೋದರು. ಲಿಫ್ಟಿನ ಬಾಗಿಲು ಮುಚ್ಚಿತು.

ಹುಡುಗಿ ಹೊರಬಂದದ್ದೇ ತಡ, ಬೀಗ ಮತ್ತೆ ಬೀಗ ಜಡಿದ. ಮುಖ ಕೆಂಪಗಾಗಿತ್ತು.

"ನಾಳೆಯಿಂದ ಇಬ್ರೂ ಬರ್ಬೇಡಿ."

"ಸರಿ, ನಾಳೆ ಮಾತು ನಾಳೆ" ಎಂದಳು ಚಿಕ್ಕಮ್ಮ. "ಇವತ್ತು ಆ ಕೀಲಿ ಕೊಡು. ಇಷ್ಟು ಜನ ಇದೀವಿ, ಎಲ್ರಿಗೂ ಬರುತ್ತೆ."

"ಕೊಡಲ್ಲ. ಏನ್ ಮಾಡ್ತೀಯಾ?"

ಏನು ಮಾಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಮಂಡಿ ನೋಯುತ್ತಿತ್ತು. ಬೆಳಗ್ಗೆಯಿಂದ ನಿಂತೇ ಇದ್ದಳು. ಓಣಿಯ ಬಾಯಿಗೆ ಬಂದು, ಒರೆಸಿ ಹೊಳೆಯುತ್ತಿದ್ದ ನೆಲದ ಮೇಲೆ ಕಾಲು ಚಾಚಿ ಕೂತುಬಿಟ್ಟಳು. ಅಬ್ಬಾ ಎನಿಸಿತು. ಹುಡುಗಿ ಪಕ್ಕದಲ್ಲಿ ಕೂತಳು. ಮಾತಿನಮಲ್ಲಿ ಕೂತಳು. ಒಬ್ಬೊಬ್ಬರಾಗಿ ಎಲ್ಲರೂ ಬಂದು ಕೂತರು. ಓಣಿ ತುಂಬಿತು. ಇರುವೆ ನುಸುಳುವಷ್ಟೂ ಜಾಗ ಉಳಿಯಲಿಲ್ಲ. ನೆಲ ಒದ್ದೆಯಿದೆ, ಎಚ್ಚರಿಕೆ ಎಂಬ ಹಳದಿ ಫಲಕವನ್ನು ಯಾರೋ ತಂದು ಮುಂದೆ ನಿಲ್ಲಿಸಿದರು.

ಊಟ ಮುಗಿಸಿದ ಕಂಪನಿಯ ಜನ ಬರತೊಡಗಿದರು. ಮೊದಲು ಬಂದವನು ಟೈ ಕಟ್ಟಿದ ಒಬ್ಬ. ಫೋನು ಕಿವಿಯಲ್ಲಿತ್ತು. ಫಲಕ ನೋಡಿದ, ಹೆಂಗಸರನ್ನು ನೋಡಿದ. ಏನಿದು ಎಂದು ಅವನ ಭಾಷೆಯಲ್ಲಿ ಕೇಳಿದ. ಟಾಯ್ಲೆಟ್ ಎಂದ.

"ಹೇಳ್ರೇ, ಪಾಠ ಮರ್ತೋಯ್ತಾ?" ಎಂದಳು ಚಿಕ್ಕಮ್ಮ.

ಹೆಂಗಸರು ಒಕ್ಕೊರಲಿನಿಂದ ದಾರಿ ಹೇಳಿದರು. ಕೈಯೆತ್ತಿ ಸರ್ವಿಸ್ ಮೆಟ್ಟಿಲು ತೋರಿಸಿದರು. "ಪ್ಲೀಸ್ ಗೋ ಡೌನ್. ಗೋ ಡೌನ್. ಗೋ ಡೌನ್. ರಸ್ತೆ ಕ್ರಾಸ್. ಪೆಟ್ರೋಲ್ ಬಂಕ್, ಪ್ಲೀಸ್!" ಮಾತಿನಮಲ್ಲಿ ಎದ್ದು ನಿಂತು ಸೇರಿಸಿದಳು. "ಚಿಲ್ಕ ಇಲ್ಲ ಸಾರ್. ಬಾಗ್ಲು ಹಿಡ್ಕೊಳ್ಳಕ್ಕೆ ಫ್ರೆಂಡ್ ಕರ್ಕೊಂಡು ಹೋಗಿ."

ಅವನು ತಮಾಷೆಯೆಂದುಕೊಂಡು ನಕ್ಕ. ಸ್ವಲ್ಪ ಹೊತ್ತಿಗೆ ನಗು ನಿಂತಿತು. ಬೇರೆ ಮಹಡಿಗೆ ಹೋಗೋಣವೆಂದರೆ ಅದು ಬೇರೆ ಕಂಪನಿ, ಒಳಗೆ ಬಿಡುವುದಿಲ್ಲ. ಹಿಂದೆ ಇನ್ನೊಬ್ಬ ಬಂದ, ಮತ್ತೊಬ್ಬಳು ಬಂದಳು. ಅವತ್ತು ಆಸಿಡ್ಡು ಹಾಕಿ ತೊಳೆಯುವುದನ್ನು ಕಾಫಿ ಕುಡಿಯುತ್ತಾ ನೋಡಿದವರೂ ಅವರಲ್ಲಿದ್ದರು. ಈಗ ಅವರೂ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸತೊಡಗಿದರು. ಚಿಕ್ಕಮ್ಮನಿಗೆ ಮನಸಾರೆ ಸಂತೋಷವಾಯಿತು. ಅದನ್ನು ಮುಚ್ಚಿಡಬೇಕೆಂದು ಅವಳಿಗೆ ಅನಿಸಲಿಲ್ಲ.

ಮ್ಯಾನೇಜರು ಏದುಸಿರು ಬಿಡುತ್ತಾ ಬಂದರು. "ಏನಮ್ಮಾ ಇದು? ಏಳಿ, ಏಳಿ. ನಾಳೆ ಕೂತು ಮಾತಾಡೋಣ. ಖಂಡಿತ ಏನಾದ್ರೂ ಮಾಡ್ತೀನಿ."

"ಈಗ್ಲೇ ಕೂತಿದೀವಲ್ಲ ಸಾರ್. ನೀವೂ ಕೂತ್ಕೊಳಿ, ಮಾತಾಡೋಣ."

"ಎಲ್ರನ್ನೂ ಕೆಲ್ಸದಿಂದ ತೆಗಿಬೇಕಾಗುತ್ತೆ."

"ತೆಗೀರಿ. ಈ ಮಹಡಿ ಎಲ್ಲಾ ಇವತ್ತೇ ತೊಳೀಬೇಕು. ಬ್ರಷ್ಷು ಒಳಗಿದೆ. ಬೀಗರಿಗೆ ಹೇಳ್ತೀರಾ, ಇಲ್ಲಾ ನೀವೇ ಕೂರ್ತೀರಾ?"

ಮ್ಯಾನೇಜರು ಬೀಗನನ್ನು ನೋಡಿದರು. ಬೀಗ ನೆಲ ನೋಡಿದ. ಅಷ್ಟರಲ್ಲಿ ಲಿಫ್ಟಿನ ಗಂಟೆ ಕೇಳಿಸಿತು. ಬಾಗಿಲು ತೆರೆದು ದೊಡ್ಡ ಮೇಡಂ ಹೊರಬಂದರು. ಊಟವಾಗಿತ್ತು. ನೇರ ಓಣಿಯ ಕಡೆಗೇ ಬರುತ್ತಿದ್ದರು. ಅಷ್ಟೊಂದು ಜನ ನೆಲದ ಮೇಲೆ ಕೂತಿರುವುದನ್ನೂ, ಅಷ್ಟೊಂದು ಜನ ಕಾಲು ಕುಣಿಸುತ್ತಾ ನಿಂತಿರುವುದನ್ನೂ ಕಂಡು ನಿಂತರು. ಏನಾಗುತ್ತಿದೆ ಎಂದು ಕೇಳಿದರು.

"ಕ್ಯೂ ಮೇಡಂ" ಎಂದಳು ಮಾತಿನಮಲ್ಲಿ. "ಹಿಂದೆ ನಿಂತ್ಕೊಳಿ."

ಮೇಡಮ್ಮಿಗೆ ಕ್ಯೂ ಎಂಬುದಷ್ಟು ಅರ್ಥವಾಯಿತು. ಸುಮ್ಮನೆ ಹೋಗಿ ಎಲ್ಲರ ಹಿಂದೆ ನಿಂತರು.

ಮ್ಯಾನೇಜರ ಮುಖದಲ್ಲಿ ರಕ್ತವಿರಲಿಲ್ಲ. ಬೀಗನ ತೋಳು ಹಿಡಿದು ಹಲ್ಲು ಕಚ್ಚಿ ಹೇಳಿದರು. "ಕೊಡೋ."

"ಸಾರ್, ಇವತ್ತು ಕೊಟ್ರೆ..."

"ಕೊಡೋ ಅಂದ್ನಲ್ಲ! ಬೀಗಾನೂ ಕೀಲೀನೂ ಎರಡೂ ಕೊಡು. ಇನ್ಮೇಲೆ ಆ ಕೊನೇ ಟಾಯ್ಲೆಟ್ಟು ಅವರದ್ದು, ಹೊಸದೇನೂ ಕಟ್ಟೋದು ಬೇಡ. ಸಾಕಾ ಚಿಕ್ಕಮ್ಮಾ?"

ಮ್ಯಾನೇಜರ ಬಾಯಲ್ಲೂ ಚಿಕ್ಕಮ್ಮ ಬಂದದ್ದು ಕೇಳಿ ಯಾರೋ ಕಿಸಕ್ಕನೆ ನಕ್ಕರು. ಚಿಕ್ಕಮ್ಮ ನಗಲಿಲ್ಲ. ನಾಳೆ ಈ ಮಾತು ಏನಾಗುತ್ತದೋ, ತನ್ನ ಕೆಲಸ ಏನಾಗುತ್ತದೋ ಅವಳಿಗೆ ಗೊತ್ತಿರಲಿಲ್ಲ. ಕೀಲಿ ಕೈಗೆ ಬಂದರೆ ಮತ್ತೆ ಕೊಡುವುದಿಲ್ಲ ಎಂಬುದು ಮಾತ್ರ ಗೊತ್ತಿತ್ತು. ಹುಡುಗಿಯ ಹೆಗಲು ಹಿಡಿದು ಎದ್ದಳು. ಕೈ ಮುಂದೆ ಚಾಚಿದಳು.

ಬೀಗ ಗೊಂಚಲು ಹಿಡಿದು ಆ ಒಂದು ಕೀಲಿಯನ್ನು ಬಿಡಿಸತೊಡಗಿದ. ಗೊಂಚಲಿನ ಬಳೆಯಿಂದ ಕೀಲಿ ಬರಲೊಲ್ಲದು. ಉಗುರು ತೂರಿಸಿದ, ಹಲ್ಲು ಹಾಕಿದ. ಹಿಂದೆ ನಿಂತವರು ಬೇಗ ಬೇಗ ಎಂದರು. ಹೆಂಗಸರಲ್ಲಿ ಒಬ್ಬಳು ಪಾಪವೆಂದು ಬಿಡಿಸಿಕೊಡಲು ಏಳಹೋದಳು.

"ಕೂತ್ಕೊಳೇ. ಅವನೇ ಬಿಡಿಸ್ಲಿ" ಎಂದಳು ಚಿಕ್ಕಮ್ಮ. ಚಾಚಿದ ಕೈಯನ್ನು ಅವಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.